ಪುಕ್ಕಲನ ಹಿಡಿತ

ಸೂಜಿ ಕಂಡರೆ ತಲೆ ತಿರುಗುವವನು ಸೂಜಿಯ ಕಾರ್ಖಾನೆಯಲ್ಲೇ ಅನ್ನ ಹುಟ್ಟಿಸಿಕೊಳ್ಳಬೇಕೆಂದು ಅವನ ಹಣೆಯಲ್ಲಿ ಬರೆದಿತ್ತು. ಏನು ಮಾಡುವುದು, ಹಣೆಬರಹ ಬರೆಯುವವನಿಗೂ ಆಗಾಗ ತಮಾಷೆ ಬೇಕಾಗುತ್ತದೆ. ಡ್ರಿಪ್ ಏರಿಸುವ ಮುಂಚೆ ರೋಗಿಯ ಕೈಗೆ ಚುಚ್ಚಿ ಪಟ್ಟಿ ಅಂಟಿಸುತ್ತಾರಲ್ಲ, ಕ್ಯಾನುಲಾ, ಅದರ ಪ್ಲಾಸ್ಟಿಕ್ ಭಾಗಗಳಿಗೆ ಉಕ್ಕಿನ ಅಚ್ಚು ರೂಪಿಸುವುದು ಅವನ ಕೆಲಸ. ಕೂದಲೆಳೆಯಷ್ಟು ತಪ್ಪಿದ್ದರೂ ಬೆರಳಲ್ಲಿ ಸವರಿ ಹೇಳಬಲ್ಲ. ಆದರೆ ಆ ಮಾಲು ಮನುಷ್ಯನ ಕೈಯೊಳಗೆ ಹೋಗುವುದನ್ನು ಮಾತ್ರ ಅವನು ಜನ್ಮದಲ್ಲಿ ನೋಡಿರಲಿಲ್ಲ.

ನೋಡಲು ಒಮ್ಮೆ ಹೋಗಿದ್ದುಂಟು. ನಮ್ಮ ಮಾಲು ಹೇಗೆ ಬಳಕೆಯಾಗುತ್ತದೆ ನೋಡಿ ಬಾ ಎಂದು ಕಾರ್ಖಾನೆಯ ಯಜಮಾನರು ಒಂದು ಆಸ್ಪತ್ರೆಗೆ ಅಟ್ಟಿದ್ದರು. ನರ್ಸ್ ಪೊಟ್ಟಣ ಹರಿದದ್ದಷ್ಟೇ ಅವನಿಗೆ ನೆನಪು. ಕಣ್ಣು ಬಿಟ್ಟಾಗ ತಾನೇ ಮಂಚದ ಮೇಲಿದ್ದ. ಬಿದ್ದ ರಭಸಕ್ಕೆ ಹಣೆ ಬುಗುಟೆದ್ದಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಪಟ್ಟಿಯ ಅಡಿಯಿಂದ ಇಣುಕುತ್ತಿದ್ದ ನೀಲಿ ತುದಿ ನೋಡಿದೊಡನೆ ಗುರುತು ಹತ್ತಿತು, ಅವನದೇ ಅಚ್ಚಿನ ಮಾಲು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ ಇರಬೇಕು. ಸುದ್ದಿ ಅಕ್ಕನ ಕಿವಿಗೆ ಬಿದ್ದ ಮೇಲೆ ಕೇಳಬೇಕೇ?

"ಯಾವ ಆಸ್ಪತ್ರೇಲಿ ಬೇಕಾದ್ರೂ ಬೀಳು ಕಣೋ, ನಮ್ಮ ಆಸ್ಪತ್ರೇಲಿ ಮಾತ್ರ ಬೀಳ್ಬೇಡ. ನಾನು ತಲೆ ಎತ್ಕೊಂಡು ಓಡಾಡ್ಬೇಕು," ಎಂದಿದ್ದಳು.

ಅಕ್ಕ ಮಕ್ಕಳ ವಾರ್ಡಿನ ನರ್ಸ್. ಬಾಯಿ ಜೋರು, ಕೈ ಮೆತ್ತಗೆ. ರಂಪ ಮಾಡುವ ಮಗುವಿನ ಹತ್ತಿರ ಕೂತು ಏನಾದರೊಂದು ತರಲೆ ಪ್ರಶ್ನೆ ಕೇಳುತ್ತಿದ್ದಳು. ಅದು ಅಳು ನಿಲ್ಲಿಸಿ ಉತ್ತರ ಹುಡುಕುವಷ್ಟರಲ್ಲಿ ಕ್ಯಾನುಲಾ ಕೂರಿಸಿ ಆಗಿರುತ್ತಿತ್ತು. ಬೇರೆ ವಾರ್ಡಿನವರೂ ನರ ಸಿಗದೆ ಸೋತಾಗ ಅವಳನ್ನೇ ಕರೆಯುತ್ತಿದ್ದರು. ಅದರ ಹೆಮ್ಮೆ ಅವಳಿಗೆ ಇತ್ತು, ಮುಚ್ಚಿಡುವ ಸ್ವಭಾವ ಅವಳದಲ್ಲ. ತಮ್ಮನಿಗೆ ಅವಳು ಇಟ್ಟ ಹೆಸರು ಪುಕ್ಕಲ. ಚಿಕ್ಕಂದಿನಲ್ಲಿ ಶಾಲೆಗೆ ಚುಚ್ಚುಮದ್ದಿನವರು ಬಂದರೆಂದರೆ ಅವನು ಓಡಿಹೋಗಿ ಮೇಲಿನ ತರಗತಿಯಿಂದ ಅಕ್ಕನನ್ನು ಎಳೆದು ತರುತ್ತಿದ್ದ. ಅವಳ ಎಡಗೈ ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡಿ, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ.

ಆ ಎಡಗೈಯೇ ಈಗ ಹೋಗಿತ್ತು. ಕೆಲಸ ಮುಗಿಸಿ ಬರುವಾಗ ಸ್ಕೂಟರ್ ಜಾರಿ ಬಿದ್ದಿದ್ದಳು. ಡಾಕ್ಟರು ಮೂಳೆ ಕೂರಿಸಿದರು, ಮೂಳೆ ಕೂಡಿಯೂ ಕೂಡಿತು, ಬೆರಳುಗಳ ಶಕ್ತಿ ಮಾತ್ರ ಮರಳಲಿಲ್ಲ. ಭುಜ ಆಡುತ್ತಿತ್ತು, ಮೊಣಕೈ ಆಡುತ್ತಿತ್ತು. ಬೆರಳುಗಳು ಅರ್ಧ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು, ಬಿಚ್ಚಲೂ ಬಾರದು, ಮುಚ್ಚಲೂ ಬಾರದು. ಇನ್ನು ಇಷ್ಟೇ ಎಂದು ಡಾಕ್ಟರು ಕೈ ತೊಳೆದುಕೊಂಡರು.

ನರ್ಸುಗಳಿಗೆಲ್ಲ ಮೇಲಾದ ಮೇಟ್ರನ್ ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಅಕ್ಕ ರಜೆ ಮುಗಿಸಿ ಹೋದ ದಿನವೇ ಕರೆದು ಕೂರಿಸಿ ಹೇಳಿದರು.

"ಕೈಗವಸು ಹಾಕೋಕೆ, ಪಟ್ಟಿ ಅಂಟಿಸೋಕೆ ಆಯಾ ಇದ್ದಾರೆ ಸಿಸ್ಟರ್. ಆದ್ರೆ ಸೂಜಿ ನಿಮ್ಮ ಕೈಯಿಂದಲೇ ಹೋಗ್ಬೇಕಲ್ಲ. ನಿಮ್ಮ ಮೇಲಿನ ಕನಿಕರಕ್ಕೆ ಒಂದು ಮಗೂಗೆ ಹತ್ತು ಸಲ ಚುಚ್ಚಿಸೋಕೆ ನನ್ನಿಂದ ಆಗಲ್ಲ. ತಿಂಗಳ ಕೊನೇಲಿ ನಾನೇ ಪಕ್ಕ ನಿಂತು ನೋಡ್ತೀನಿ. ಆಗುತ್ತೆ ಅಂದ್ರೆ ವಾರ್ಡು. ಆಗಲ್ಲ ಅಂದ್ರೆ ಬಟ್ಟೆ ಉಗ್ರಾಣ."

ಬಟ್ಟೆ ಉಗ್ರಾಣವೆಂದರೆ ನೆಲಮಾಳಿಗೆಯ ಕೋಣೆ. ಒಗೆದ ಚಾದರ ಒಂದು ಬಾಗಿಲಿಂದ ಬರುತ್ತದೆ, ಇನ್ನೊಂದು ಬಾಗಿಲಿಂದ ಹೋಗುತ್ತದೆ. ಸಂಬಳ ಅದೇ, ಸಮವಸ್ತ್ರ ಅದೇ, ಮಗು ಒಂದೂ ಇಲ್ಲ. ಅಕ್ಕ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ಬಾಯಿ ಮುಚ್ಚಿ ಕೂತ ಅಕ್ಕನನ್ನು ಅವನು ಅದೇ ಮೊದಲ ಸಲ ನೋಡಿದ್ದು.

"ಒಂದೇ ಕೈಯಲ್ಲಿ ಹಾಕೋ ಕ್ಯಾನುಲಾ ನಾನು ಮಾಡ್ಕೊಡ್ತೀನಿ ಅಕ್ಕ," ಎಂದುಬಿಟ್ಟ.

ಶಾಲೆಯ ಬಸ್ಸು ಓಡಿಸುವ ಭಾವ ಒಳಗಿನಿಂದಲೇ ಕೂಗಿದ. "ನೀನು ಕಣ್ಣು ಮುಚ್ಕೊಂಡು ಮಾಡಿ, ಅವಳು ಒಂದೇ ಕೈಯಲ್ಲಿ ಹಾಕಿ, ಒಳ್ಳೇ ಜೋಡಿ."

ಕ್ಯಾನುಲಾದ ಕತೆ ಕಷ್ಟದ್ದೇನಲ್ಲ. ಒಳಗೆ ಸೂಜಿ, ಅದರ ಮೇಲೆ ಮೆತ್ತನೆಯ ತೆಳು ಕೊಳವೆ. ಸೂಜಿ ನರದೊಳಗೆ ಇಳಿದರೆ ಹಿಂದಿನ ಪುಟ್ಟ ಗೂಡಿನಲ್ಲಿ ರಕ್ತ ಇಣುಕುತ್ತದೆ. ಆಗ ಸೂಜಿಯನ್ನು ಅಲುಗಿಸದೆ ಹಿಡಿದು, ಕೊಳವೆಯನ್ನಷ್ಟೇ ಮುಂದಕ್ಕೆ ಜಾರಿಸಿ, ಆಮೇಲೆ ಸೂಜಿ ಎಳೆದುಕೊಳ್ಳಬೇಕು. ಒಂದು ಕೈ ಸೂಜಿ ಹಿಡಿಯುತ್ತದೆ, ಇನ್ನೊಂದು ಕೊಳವೆ ಜಾರಿಸುತ್ತದೆ ಎಂದೇ ಅವನು ತಿಳಿದಿದ್ದ. ಹಾಗಾದರೆ ಆ ಇನ್ನೊಂದು ಕೈಯ ಕೆಲಸವನ್ನು ಮಾಲಿಗೇ ವಹಿಸಿದರೆ ಮುಗಿಯಿತು ಎಂದು ಅವನ ಲೆಕ್ಕ. ಯಜಮಾನರಿಗೂ ಹೊಸ ಮಾಲಿನ ಆಸೆ ಹುಟ್ಟಿತು, ಸರಿ ಮಾಡು ಎಂದರು.

ಮೊದಲು ಮಾಡಿದ್ದು ಸ್ಪ್ರಿಂಗಿನದು. ಗುಂಡಿ ಒತ್ತಿದರೆ ಕೊಳವೆ ತಾನೇ ಚಿಮ್ಮಿ ಮುಂದೆ ಹೋಗಬೇಕು. ತಯಾರಾದದ್ದನ್ನು ಮೇಜಿನ ಮೇಲಿಟ್ಟು ಎದೆಯುಬ್ಬಿಸಿ ನಿಂತ. ಅಕ್ಕ ಬಲಗೈಯಲ್ಲಿ ಎತ್ತಿ, ಗುಂಡಿ ಒತ್ತಿ, ಚಟ್ಟೆಂದ ಸದ್ದಿಗೆ ತಾನೇ ಬೆಚ್ಚಿ ಕೆಳಗಿಟ್ಟಳು.

"ಇದೇನೋ ಇದು, ಇಲಿಬೋನು?"

"ತಾನೇ ಹೋಗುತ್ತೆ ಅಕ್ಕ. ನೀನು ಏನೂ ಮಾಡೋದೇ ಬೇಡ."

"ಅದೇ ನಂಗೆ ಬೇಡ. ಕೊಳವೆ ಹೋಗೋವಾಗ ಬೆರಳಿಗೆ ಗೊತ್ತಾಗುತ್ತೆ ಕಣೋ, ಒಳಗೆ ಹೋಗ್ತಿದೆಯೋ, ಎಲ್ಲೋ ತಡೀತಿದೆಯೋ ಅಂತ. ಇದು ತಡೆದ್ರೂ ನುಗ್ಗುತ್ತೆ. ಮಗೂ ಕೈ ಅದು, ಗೋಡೆ ಅಲ್ಲ."

ಮೂಗು ಮುರಿದರೂ ಮಾತು ಸರಿಯಾಗಿತ್ತು. ಸ್ಪ್ರಿಂಗನ್ನು ಎಸೆದ. ಎರಡನೆಯದಕ್ಕೆ ಕೊಳವೆಯ ತಲೆಯ ಮೇಲೆ ಪುಟ್ಟದೊಂದು ಮೆಟ್ಟಿಲು ಎಬ್ಬಿಸಿದ. ಹೆಬ್ಬೆರಳು, ನಡುಬೆರಳು ಪಕ್ಕದಲ್ಲಿ ಸೂಜಿಯ ಹಿಡಿಯನ್ನು ಹಿಡಿದಿರಬೇಕು, ತೋರುಬೆರಳು ಮೇಲಿನ ಮೆಟ್ಟಿಲನ್ನು ಮುಂದಕ್ಕೆ ತಳ್ಳಬೇಕು. ಒಂಟಿ ಕೈಗೆ ಹಿಡಿತ ಸಿಗಲಿ ಎಂದು ಹಿಡಿಯ ಕೆಳಗೆ ಒಳ್ಳೆ ದುಂಡು ಹೊಟ್ಟೆಯನ್ನೂ ಇಟ್ಟ, ಅಂಗೈ ತುಂಬ ಕೂರುವಂಥದ್ದು. ಅಭ್ಯಾಸಕ್ಕಿರುವ ರಬ್ಬರ್ ಕೈಯ ಮೇಲೆ ಅಕ್ಕ ಅದನ್ನು ಚುಚ್ಚಿದಳು. ಬೆಣ್ಣೆಗೆ ಚಾಕು ಹಾಕಿದಂತೆ ಹೋಯಿತು. ಮತ್ತೊಮ್ಮೆ ಚುಚ್ಚಿದಳು, ಮತ್ತೊಮ್ಮೆ ಹೋಯಿತು. ಅವಳ ಮುಖದಲ್ಲಿ ಹಳೆಯ ನಗು ಕಂಡಿತು. ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಸ್ಪತ್ರೆಯ ಡಾಕ್ಟರುಗಳು ಮಾದರಿಗಳನ್ನು ನೋಡಿ, ಕ್ರಿಮಿ ಕಳೆದ ಪೊಟ್ಟಣಗಳನ್ನು ತರಿಸಿಕೊಂಡು, ಮೊದಲು ತರಬೇತಿ ಕೋಣೆಯಲ್ಲಿ ಒಪ್ಪಿ ಬಂದ ದೊಡ್ಡವರ ಮೇಲೆ ಮಾಡಿ ನೋಡಿ ಎಂದರು. ಒಪ್ಪಿ ಬಂದವನು ಭಾವ. ಮಧ್ಯಾಹ್ನ ಬಸ್ಸಿಗೆ ಬಿಡುವು, ಅಂಗಿಯ ತೋಳು ಮಡಚಿಕೊಂಡು ಬಂದು ಕೂತ.

"ಚುಚ್ಚೇ. ಮದುವೆ ಆದಾಗಿಂದ ಮಾತಲ್ಲಿ ಚುಚ್ತಾನೇ ಇದ್ದೀಯ, ಇದೇನು ಹೊಸದಾ?"

ತಮ್ಮನೂ ಹೋಗಿದ್ದ. ಹೋಗಿ ಏನು ಮಾಡಿದ? ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಅಲ್ಲಿ ತೂಗುಹಾಕಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಪರೀಕ್ಷೆಗೆ ಓದುವವನಂತೆ ಓದುತ್ತ ನಿಂತ. ಹಿಂದಿನಿಂದ ಭಾವನ "ಹಾ" ಕೇಳಿಸಿತು. ಆಮೇಲೆ ಅಕ್ಕ "ಜಾರ್ತು" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೊಂದು "ಹಾ", ಮತ್ತೊಂದು "ಜಾರ್ತು". ಮೂರನೆಯದಕ್ಕೆ ಭಾವನೂ ತಮಾಷೆ ನಿಲ್ಲಿಸಿದ.

"ರಬ್ಬರ್ ಕೈಗೆ ಸರಿಯಾಗಿ ಹೋಯ್ತಲ್ಲ ಅಕ್ಕ," ಎಂದ ಅವನು, ಗೋಡೆಗೇ.

ಅಕ್ಕನ ಕೋಪ ನೆತ್ತಿಗೇರಿತು. "ರಬ್ಬರ್ ಕೈಯ ಚರ್ಮ ಮೊದಲೇ ಎಳೆದು ಕಟ್ಟಿರ್ತಾರೆ ಕಣೋ. ಮನುಷ್ಯರ ಚರ್ಮ ಹಾಗಿರುತ್ತಾ? ಸಡಿಲ ಇರುತ್ತೆ, ಸೂಜಿ ಮುಟ್ಟಿದ್ರೆ ನರ ಪಕ್ಕಕ್ಕೆ ಹೊರಳುತ್ತೆ. ನನ್ನ ಎಡಗೈ ಮೊದಲಿಂದ ಕೊನೆವರೆಗೂ ಚರ್ಮ ಎಳೆದು ಹಿಡೀತಿತ್ತು. ಅದಕ್ಕೇ ಕಣೋ ಬಲಗೈ ಒಂದರಲ್ಲೇ ಕೊಳವೆ ಜಾರಿಸೋಕೆ ಬರ್ಬೇಕು ಅನ್ನೋದು. ಎಡಗೈ ಇಲ್ಲ ಅಂತ ಅಲ್ಲ, ಎಡಗೈಗೆ ಬೇರೆ ಕೆಲಸ ಇದೆ ಅಂತ. ಇಷ್ಟು ವರ್ಷ ಈ ಮಾಲು ಮಾಡ್ತಿದ್ದೀಯ, ಒಂದು ಸಲ, ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?"

ಅವನು ತಿರುಗಿದ. ಅಕ್ಕ ಅಳುತ್ತಿದ್ದಳು. ಭಾವ ತನ್ನ ಕೈಗೆ ತಾನೇ ಹತ್ತಿ ಒತ್ತಿಕೊಂಡು, ಎಲ್ಲಿ ನೋಡುವುದೆಂದು ತಿಳಿಯದೆ ಸೂರು ನೋಡುತ್ತಿದ್ದ. ಎರಡು ಕೈ ಸೇರಿದರೇನೇ ಚಪ್ಪಾಳೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಇವನು ಒಂದು ಕೈಯನ್ನು ಲೆಕ್ಕದಿಂದಲೇ ತೆಗೆದುಹಾಕಿ ಅಚ್ಚು ಕೊರೆದಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬಿಡು," ಎಂದಳು ಅಕ್ಕ, ಭುಜದಿಂದ ಕೆನ್ನೆ ಒರೆಸಿಕೊಳ್ಳುತ್ತ. "ಚಾದರ ಎಣಿಸ್ಕೊಂಡು ಇರ್ತೀನಿ. ಚಾದರ ಅಳಲ್ಲ."

ಆ ಮಾತಿಗೆ ಅವನ ಕಾಲು ತಾನಾಗಿ ನಡೆಯಿತು. ಭಾವನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾನು ಕೂತ. ಅಂಗಿಯ ತೋಳು ಮೇಲೆ ಸರಿಸಿದ.

"ನಂಗೆ ಹಾಕು. ನಾನು ನೋಡ್ತೀನಿ."

"ಸುಮ್ನಿರೋ ಪುಕ್ಕಲ. ನೀನು ಬಿದ್ರೆ ಎತ್ತೋಕೂ ನಂಗೆ ಎರಡು ಕೈ ಇಲ್ಲ."

"ಭಾವ ಇದ್ದಾರೆ. ಹಾಕು."

ಅಕ್ಕ ಬಾಗಿಲ ಬಳಿಯಿದ್ದ ಆಯಾಳಿಗೆ ಸನ್ನೆ ಮಾಡಿದಳು. ಆಯಾ ಹೊಸ ಪೊಟ್ಟಣ ಬಿಚ್ಚಿಕೊಟ್ಟಳು, ತೋಳಿಗೆ ಪಟ್ಟಿ ಬಿಗಿದಳು, ಹಸ್ತದ ಹಿಂಭಾಗ ಒರೆಸಿದಳು. ಸ್ಪಿರಿಟ್ಟು ತಣ್ಣಗೆ ತಗಲಿತು. ಕಣ್ಣು ಮುಚ್ಚಬಾರದು, ಮುಚ್ಚಬಾರದು ಎಂದು ಹಲ್ಲು ಕಚ್ಚಿದ. ಕಣ್ಣನ್ನೇನೋ ತೆರೆದಿಟ್ಟ, ಕೈ ಅವನ ಮಾತು ಕೇಳಲಿಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದ ಅಕ್ಕನ ಎಡಗೈಯತ್ತ ಅದು ಸರಿದು, ಆ ಮಡಚಿದ ಬೆರಳುಗಳನ್ನು ಗಬಕ್ಕನೆ ಹಿಡಿದುಕೊಂಡಿತು, ಶಾಲೆಯಲ್ಲಿ ಹಿಡಿಯುತ್ತಿತ್ತಲ್ಲ, ಹಾಗೆಯೇ.

"ಬಿಡೋ. ಆ ಕೈಗೇ ಚುಚ್ಬೇಕಾಗಿರೋದು," ಎಂದು ಅಕ್ಕ ಬಿಡಿಸಿಕೊಳ್ಳಲು ಮೊಣಕೈಯನ್ನು ಹಿಂದಕ್ಕೆ ಎಳೆದಳು. ಇವನು ಬಿಡುವ ಆಸಾಮಿಯೇ? ಅವಳು ಎಳೆದಷ್ಟೂ ಇನ್ನೂ ಬಿಗಿಯಾಗಿ ಹಿಡಿದ. ಅವನ ಮಣಿಕಟ್ಟು ಕೆಳಕ್ಕೆ ಬಾಗಿತು, ಗೆಣ್ಣುಗಳ ಮೇಲಿನ ಚರ್ಮ ಬಿಗಿಯಿತು, ಹಸ್ತದ ಹಿಂಭಾಗದಲ್ಲಿ ನರ ನೆಟ್ಟಗೆ ಎದ್ದು ನಿಂತಿತು.

ಅಕ್ಕ ಎಳೆಯುವುದನ್ನು ನಿಲ್ಲಿಸಿದಳು. ಸ್ವಲ್ಪ ಸಡಿಲ ಬಿಟ್ಟಳು, ಚರ್ಮ ಸಡಿಲವಾಯಿತು. ಮತ್ತೆ ಭುಜದಿಂದ ಎಳೆದಳು, ಮತ್ತೆ ಬಿಗಿಯಿತು. ಅವಳ ದನಿಯೇ ಬದಲಾಯಿತು.

"ಬಿಡಬೇಡ," ಎಂದಳು. "ಏನೇ ಆದ್ರೂ ಬಿಡಬೇಡ."

ಅವನು ನೋಡಿದ. ಬದುಕಿನಲ್ಲಿ ಮೊದಲ ಸಲ ಪೂರ್ತಿ ನೋಡಿದ. ಸೂಜಿಯ ಮೊನೆ ಚರ್ಮವನ್ನು ಮುಟ್ಟಿತು, ಚರ್ಮ ಅಲುಗಲಿಲ್ಲ, ನರ ಹೊರಳಲಿಲ್ಲ. ಇರುವೆ ಕಚ್ಚಿದಷ್ಟು ನೋವು. ಹಿಂದಿನ ಗೂಡಿನಲ್ಲಿ ಕೆಂಪು ಇಣುಕಿತು. ಕೊಳವೆ ನರದ ಉದ್ದಕ್ಕೆ ಸಾಗಲೆಂದು ಅಕ್ಕ ಹಿಡಿಯನ್ನು ತಗ್ಗಿಸಿ ತೋರುಬೆರಳನ್ನು ಮೆಟ್ಟಿಲ ಮೇಲಿಟ್ಟು ತಳ್ಳಿದಳು. ಹೋಗಲಿಲ್ಲ. ಇನ್ನೂ ತಗ್ಗಿಸಲು ನೋಡಿದಳು, ಆಗಲಿಲ್ಲ. ಏನೋ ಅಡ್ಡ ಬಂದಿತ್ತು. ಅದೇನೆಂದು ಅಕ್ಕನಿಗೆ ಮೇಲಿನಿಂದ ಕಾಣುತ್ತಿರಲಿಲ್ಲ, ಎದುರು ಕೂತವನಿಗೆ ಕಾಣುತ್ತಿತ್ತು.

"ಹೊಟ್ಟೆ ತಗಲ್ತಾ ಇದೆ ಅಕ್ಕ. ಹಿಡಿಯ ಕೆಳಗಿನ ಹೊಟ್ಟೆ. ನನ್ನ ಗೆಣ್ಣಿಗೆ ತಗಲ್ತಾ ಇದೆ," ಎಂದ ಅವನು. ಸ್ಪಷ್ಟವಾಗಿ, ತಪ್ಪಿಲ್ಲದೆ ಅಷ್ಟು ಹೇಳಿ, ಮೆಲ್ಲಗೆ ಮೇಜಿನ ಮೇಲೆ ತಲೆಯಿಟ್ಟು ಪ್ರಜ್ಞೆ ತಪ್ಪಿದ.

ಎಚ್ಚರವಾದಾಗ ಭಾವ ರೋಗಿಯ ಚೀಟಿಯಿಂದ ಗಾಳಿ ಹಾಕುತ್ತಿದ್ದ. ಅಕ್ಕ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದಳು. ಅವಳ ಎಡಗೈ ಬೆರಳುಗಳು ಇನ್ನೂ ಅವನ ಮುಷ್ಟಿಯಲ್ಲೇ ಇದ್ದವು.

"ಪ್ರಜ್ಞೆ ಬಿಟ್ಟ, ಬೆರಳು ಬಿಡ್ಲಿಲ್ಲ," ಎಂದ ಭಾವ.

"ಉಕ್ಕು ತುಂಬಿಸ್ಬೇಕು," ಎಂದ ಅವನು. ಯಾರಿಗೂ ಅರ್ಥವಾಗಲಿಲ್ಲ.

ಅಚ್ಚಿನವರ ಲೋಕವೇ ತಲೆಕೆಳಗು. ಮಾಲನ್ನು ದಪ್ಪ ಮಾಡುವುದು ಸುಲಭ, ಅಚ್ಚಿನ ಉಕ್ಕನ್ನು ಇನ್ನಷ್ಟು ಕೊರೆದರೆ ಸಾಕು. ತೆಳ್ಳಗೆ ಮಾಡಬೇಕೆಂದರೆ ಕೊರೆದು ತೆಗೆದ ಉಕ್ಕನ್ನು ಮತ್ತೆ ಬೆಸೆದು ತುಂಬಬೇಕು, ಉಜ್ಜಬೇಕು, ಕನ್ನಡಿಯಂತೆ ಹೊಳಪು ಬರಿಸಬೇಕು. ಯಜಮಾನರು ಮುಖ ಗಂಟಿಕ್ಕಿದರು. "ಹೊಟ್ಟೆ ಬೇಕು ಅಂತ ಅಷ್ಟು ಆಸೆಪಟ್ಟು ಇಟ್ಟವನು ನೀನೇ ಅಲ್ವೇನಯ್ಯ?"

"ಆಗ ನೋಡಿರ್ಲಿಲ್ಲ ಸಾರ್. ಈಗ ನೋಡಿದೀನಿ," ಎಂದ.

ಆ ದಿನಗಳಲ್ಲಿ ಅವನು ಊಟ ತಿಂಡಿ ಕಾರ್ಖಾನೆಯಲ್ಲೇ ಮಾಡಿದ. ಬೆಸೆದ ಜಾಗವನ್ನು ತಾನೇ ಕೂತು ಉಜ್ಜಿದ. ಹಿಡಿಯ ಕೆಳಭಾಗ ಚಪ್ಪಟೆಯಾಯಿತು. ತೋರುಬೆರಳ ಮೆಟ್ಟಿಲನ್ನೂ ಒಂದು ಚೂರು ಹಿಂದೆ ಸರಿಸಿದ, ಏಕೆಂದರೆ ಹಿಡಿ ಮಲಗಿದಂತೆ ಬೆರಳು ಎಲ್ಲಿಗೆ ಬಂದು ಕೂರುತ್ತದೆಂದು ಈಗ ಅವನಿಗೆ ಗೊತ್ತಿತ್ತು. ಅಕ್ಕ ಇತ್ತ ತರಬೇತಿ ಕೋಣೆಯಲ್ಲಿ ಜೊತೆಯ ನರ್ಸುಗಳ ಕೈ ಹಿಡಿದು, ಅಲ್ಲ, ಅವರಿಂದ ತನ್ನ ಕೈ ಹಿಡಿಸಿಕೊಂಡು, ಎಷ್ಟು ಎಳೆದರೆ ಎಷ್ಟು ಬಿಗಿಯುತ್ತದೆಂದು ಭುಜಕ್ಕೆ ಪಾಠ ಹೇಳಿಕೊಟ್ಟಳು. ಹೊಸ ಮಾದರಿ ಬಂದ ಮೇಲೆ ಭಾವನ ನರ ಜಾರಲಿಲ್ಲ. ಜೊತೆಯ ನರ್ಸುಗಳದೂ ಜಾರಲಿಲ್ಲ. ಡಾಕ್ಟರುಗಳು ವಾರ್ಡಿಗೆ ಒಪ್ಪಿಗೆ ಕೊಟ್ಟರು.

ಆದರೂ ದೊಡ್ಡವರು ಬೇರೆ, ಮಕ್ಕಳು ಬೇರೆ. ದೊಡ್ಡವರು ಹೇಳಿದರೆ ಹಿಡಿಯುತ್ತಾರೆ. ಮಗು ಹಿಡಿಯದೆ ಕೊಡವಿಬಿಟ್ಟರೆ ಮುಗಿಯಿತು, ಅಕ್ಕನಿಗೆ ಬಟ್ಟೆ ಉಗ್ರಾಣವೇ ಗತಿ. ತಿಂಗಳ ಕೊನೆಯ ಬೆಳಿಗ್ಗೆ ಅವನು ವಾರ್ಡಿನ ಬಾಗಿಲ ಗಾಜಿನ ಆಚೆ ನಿಂತಿದ್ದ.

ಮಂಚದ ಮೇಲೆ ಕೂತಿದ್ದವಳು ಒಬ್ಬ ಚೂಟಿ ಹುಡುಗಿ. ಜ್ವರದಲ್ಲೂ ಕಣ್ಣಲ್ಲಿ ಜಗಳ. ಎರಡು ಕೈಯನ್ನೂ ಚಾದರದೊಳಗೆ ಬಚ್ಚಿಟ್ಟಿದ್ದಳು. ಅವಳ ತಾಯಿ ಬೆನ್ನು ನೇವರಿಸುತ್ತಿದ್ದಳು. ಮೇಟ್ರನ್ ಮಂಚದ ಕಾಲ ಬಳಿ ಕೈಕಟ್ಟಿ ನಿಂತಿದ್ದರು. ಬಾಗಿಲು ಅರ್ಧ ತೆರೆದಿದ್ದರಿಂದ ಮಾತು ಕೇಳುತ್ತಿತ್ತು.

"ನಂಗೆ ಸೂಜಿ ಬೇಡ," ಎಂದಳು ಹುಡುಗಿ.

"ನನ್ನ ತಮ್ಮನಿಗೂ ಬೇಡ," ಎಂದಳು ಅಕ್ಕ. "ಅಲ್ಲಿ ಗಾಜಿನ ಆಚೆ ನಿಂತಿದ್ದಾನೆ ನೋಡು, ಅಷ್ಟುದ್ದ ಬೆಳೆದಿದ್ದಾನೆ. ಮೊನ್ನೆ ಚುಚ್ಚಿದ್ರೆ ಡಬ್ ಅಂತ ಬಿದ್ದ."

ಹುಡುಗಿ ಕತ್ತು ಚಾಚಿ ನೋಡಿದಳು. ಅವನು ಮಾನ ಮರ್ಯಾದೆ ಮರೆತು ಹೌದೆಂದು ತಲೆಯಾಡಿಸಿದ.

"ನಿಮ್ಮ ಈ ಕೈಗೆ ಏನಾಯ್ತು?"

"ಬಿದ್ದು ಪೆಟ್ಟಾಯ್ತು. ಇದಕ್ಕೆ ಈಗ ಏನನ್ನೂ ಹಿಡ್ಕೊಳ್ಳೋಕೆ ಬರಲ್ಲ. ಯಾರಾದ್ರೂ ಇದನ್ನೇ ಹಿಡ್ಕೋಬೇಕು. ನಿಂಗೆ ಬರುತ್ತಾ?"

ಚಾದರದೊಳಗಿಂದ ಒಂದು ಕೈ ಹೊರಗೆ ಬಂತು. ಕೈಗವಸಿನೊಳಗೆ ಮಡಚಿಕೊಂಡಿದ್ದ ಬೆರಳುಗಳನ್ನು ಹುಡುಗಿ ಮೆಲ್ಲಗೆ ಮುಟ್ಟಿದಳು. "ಗಟ್ಟಿಯಾಗಿ ಹಿಡ್ಕೊಂಡ್ರೆ ನೋಯುತ್ತಾ?"

"ನೋಯಲ್ಲ. ಎಷ್ಟು ಗಟ್ಟಿ ಹಿಡೀತೀಯ ನೋಡೋಣ. ನಾನು ಎಳೀತೀನಿ, ನೀನು ಬಿಡ್ಬಾರ್ದು. ಬಿಟ್ರೆ ನಾನು ಗೆದ್ದೆ."

ಹುಡುಗಿ ಹಲ್ಲು ಕಚ್ಚಿ ಹಿಡಿದಳು. ಅಕ್ಕ ಭುಜದಿಂದ ಎಳೆದಳು. ಆಯಾ ಒರೆಸಿದಳು. ಬಲಗೈ ಬಂತು, ಚಪ್ಪಟೆ ಹಿಡಿ ಪುಟ್ಟ ಗೆಣ್ಣುಗಳ ಮೇಲೆ ಎಲ್ಲಿಯೂ ತಗಲದೆ ಮಲಗಿತು. ಹುಡುಗಿಯ ಹುಬ್ಬು ಒಮ್ಮೆ ಗಂಟಾಯಿತು, ಹಿಡಿತ ಇನ್ನೂ ಬಿಗಿಯಾಯಿತು. ಕೆಂಪು ಇಣುಕಿತು. ತೋರುಬೆರಳು ಮೆಟ್ಟಿಲನ್ನು ತಳ್ಳಿತು, ಕೊಳವೆ ಸರಾಗವಾಗಿ ಒಳಗೆ ಹೋಯಿತು. ಸೂಜಿ ಹೊರಗೆ ಬಂತು, ಆಯಾ ಪಟ್ಟಿ ಅಂಟಿಸಿದಳು.

"ಇನ್ನೂ ಎಳೀತೀರಾ?" ಎಂದಳು ಹುಡುಗಿ, ಬಿಡದೆ.

"ಇಲ್ಲ ಮರಿ. ನೀನೇ ಗೆದ್ದೆ."

ಮೇಟ್ರನ್ ಮುಂದೆ ಬಂದು ಪಟ್ಟಿಯನ್ನು ನೋಡಿದರು. ಡ್ರಿಪ್ ಸರಾಗವಾಗಿ ಇಳಿಯುತ್ತಿದೆಯೇ ನೋಡಿದರು. ಹುಡುಗಿಯ ಮುಷ್ಟಿಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು.

"ಕಿಟಕಿ ಹತ್ರದ ಮಗೂಗೂ ಹಾಕ್ಬೇಕು ಸಿಸ್ಟರ್," ಎಂದರು. "ನಿಧಾನಕ್ಕೆ ಬನ್ನಿ. ಅವಳು ಬಿಟ್ಟ ಮೇಲೆ ಬನ್ನಿ."

ಗಾಜಿನ ಆಚೆ ಅವನು ಗೋಡೆಗೆ ಒರಗಿದ್ದ, ಆದರೆ ನಿಂತೇ ಇದ್ದ. ಅಕ್ಕ ತಲೆಯೆತ್ತಿ ಅವನತ್ತ ನೋಡಿ, ಹುಬ್ಬು ಹಾರಿಸಿ, ಸದ್ದಿಲ್ಲದೆ ತುಟಿಯಲ್ಲೇ ಕೇಳಿದಳು, ಕಣ್ಣು ಬಿಟ್ಕೊಂಡಿದ್ಯಾ? ಅವನು ಹೌದೆಂದು ತಲೆಯಾಡಿಸಿದ. ಕಣ್ಣು ಒರೆಸಿಕೊಳ್ಳಲೂ ಇಲ್ಲ, ಒರೆಸಿಕೊಂಡರೆ ಅಷ್ಟು ಹೊತ್ತು ಮುಚ್ಚಬೇಕಾಗುತ್ತಿತ್ತು.